ಎರಡು ಪಂಪು ಬಿಚ್ಚಿ ಒಂದು ಕಟ್ಟಿದ ಕಥೆ

ಯುರೋಪಿನಲ್ಲಿ ಇವತ್ತಿಗೂ ಓಡುತ್ತಿರುವ ಹಳೆಯ ಫೋಕ್ಸ್‌ವ್ಯಾಗನ್ ಟಿ3 ವ್ಯಾನುಗಳಲ್ಲಿ ಕೆಲವಕ್ಕೆ ಯಾವ ಕಾರ್ಖಾನೆಯೂ ತಯಾರಿಸದ ಫ್ಯುಯೆಲ್ ಪಂಪ್ ಇದೆ. ಅದರ ಹೊರಮೈ ಒಂದು ಎಂಜಿನ್ನಿನದು, ತಲೆ ಇನ್ನೊಂದರದು. ಒಳಗಿನ ಸ್ಪ್ರಿಂಗ್ ಮೂರನೆಯದರದೂ ಆಗಿರಬಹುದು. ಗ್ಯಾರೇಜಿನ ಮೇಜಿನ ಮೇಲೆ ಎರಡು ಪಂಪುಗಳನ್ನು ಬಿಚ್ಚಿ, ಅಳೆದು, ಒಂದಾಗಿ ಜೋಡಿಸಿದ ವಸ್ತು ಅದು. ಅದರ ಅಗತ್ಯ ಏಕೆ ಬಂತು ಎಂದು ಹುಡುಕುತ್ತಾ ಹೋದರೆ ಡೀಸೆಲ್ ಕಾರಿನ ಅರ್ಧ ಚರಿತ್ರೆಯೇ ಎದುರಾಗುತ್ತದೆ.

ಟಿ3 ಡೀಸೆಲ್ ವ್ಯಾನಿಗೆ 1981ರಲ್ಲಿ ಕಂಪನಿ ಕೊಟ್ಟದ್ದು 1.6 ಲೀಟರಿನ, 50 ಅಶ್ವಶಕ್ತಿಯ ಎಂಜಿನ್. ಮಂಚ, ಒಲೆ, ಸಂಸಾರ ಸಮೇತ ಹೊರಟ ಗಾಡಿಯನ್ನು ಘಾಟಿ ಹತ್ತಿಸಲು ಅದು ಸಾಲದು. ಹತ್ತು ವರ್ಷದ ನಂತರ ಬಂದ, ಟರ್ಬೊ ಕೂಡಿದ 1.9 ಲೀಟರಿನ ಟಿಡಿಐ ಡೀಸೆಲ್ ಎಂಜಿನ್ 90 ಅಶ್ವಶಕ್ತಿ ಕೊಡುತ್ತಿತ್ತು. ಎರಡರ ಬ್ಲಾಕೂ ಒಂದೇ ವಂಶದ್ದು. ಹಾಗಾಗಿ ಹಳೆಯದನ್ನು ಇಳಿಸಿ ಹೊಸದನ್ನು ಏರಿಸುವ ಆಸೆ ಹುಟ್ಟಿದ್ದು ಸಹಜ. ತೊಡಕು ಇದ್ದದ್ದು ಡೀಸೆಲ್ ಚಿಮ್ಮಿಸುವ ವ್ಯವಸ್ಥೆಯಲ್ಲಿ.

ರುಡಾಲ್ಫ್ ಡೀಸೆಲ್ 1897ರಲ್ಲಿ ಆಗ್ಸ್‌ಬರ್ಗ್‌ನಲ್ಲಿ ತೋರಿಸಿದ ಎಂಜಿನ್ನಿಗೆ ಇಂಧನ ಹೋಗುತ್ತಿದ್ದುದು ಒತ್ತಿದ ಗಾಳಿಯ ಬಲದಿಂದ. ಆ ಗಾಳಿ ಒದಗಿಸುವ ಕಂಪ್ರೆಸರಿನ ಭಾರ ಹೊತ್ತು ರಸ್ತೆಗೆ ಇಳಿಯುವಂತಿರಲಿಲ್ಲ. 1922ರ ಕೊನೆಗೆ ರಾಬರ್ಟ್ ಬಾಷ್ ತನ್ನ ಕಂಪನಿಯನ್ನು ಗಾಳಿಯ ನೆರವಿಲ್ಲದೆ ಡೀಸೆಲ್ ಚಿಮ್ಮಿಸುವ ಪಂಪು ಕಟ್ಟುವ ಕೆಲಸಕ್ಕೆ ಹಚ್ಚಿದ, 1927ರಲ್ಲಿ ಸಾಲುಪಂಪು ಮಾರುಕಟ್ಟೆಗೆ ಬಂತು. ಸಿಲಿಂಡರಿಗೊಂದರಂತೆ ಡೀಸೆಲ್ ತಳ್ಳುವ ಪ್ಲಂಜರ್, ಪ್ಲಂಜರಿಗೂ ಅದರ ಬ್ಯಾರಲ್ಲಿಗೂ ನಡುವೆ ಎರಡು ಮೂರು ಮೈಕ್ರಾನಿನ ಸಂದು. 1936ರಲ್ಲಿ ಮರ್ಸಿಡಿಸ್ 260 ಡಿ ಕಾರು ಓಡಿದ್ದು ಇಂಥ ಪಂಪಿನಿಂದಲೇ. ಆ ವಿದ್ಯೆ ಬೆಂಗಳೂರಿಗೂ ಬಂತು. 1951ರಲ್ಲಿ ಸ್ಥಾಪನೆಯಾದ ಮೋಟಾರ್ ಇಂಡಸ್ಟ್ರೀಸ್ ಕಂಪನಿಯ, ಅಂದರೆ ಮೈಕೋದ, ಆಡುಗೋಡಿಯ ಕಾರ್ಖಾನೆ ಡೀಸೆಲ್ ಪಂಪುಗಳನ್ನು ಮಾಡತೊಡಗಿತು. 2008ರಲ್ಲಿ ಹೆಸರು ಬಾಷ್ ಎಂದು ಬದಲಾದರೂ ನಮ್ಮ ಮೆಕ್ಯಾನಿಕ್ಕುಗಳ ಬಾಯಲ್ಲಿ ಅದು ಮೈಕೋ ಪಂಪೇ.

ಸಾಲುಪಂಪು ಲಾರಿಗೆ ಸರಿ, ಸಣ್ಣ ಕಾರಿಗೆ ಭಾರ. ಎಪ್ಪತ್ತರ ದಶಕದ ನಡುವೆ ಬಾಷ್ ತಂದ ವಿಇ ಪಂಪಿನಲ್ಲಿ ಒಂದೇ ಪ್ಲಂಜರ್ ತಿರುಗುತ್ತಲೇ ಹಿಂದೆ ಮುಂದೆ ಓಡಾಡಿ ನಾಲ್ಕೂ ಸಿಲಿಂಡರಿಗೆ ಸರದಿಯಂತೆ ಡೀಸೆಲ್ ಹಂಚುತ್ತದೆ. 1976ರ ಗಾಲ್ಫ್ ಡೀಸೆಲ್ ಇದನ್ನು ನಂಬಿಯೇ ಹುಟ್ಟಿದ ಕಾರು. ಆ ಗಾಲ್ಫ್‌ನಲ್ಲಿ ಡೀಸೆಲ್ ಬೀಳುತ್ತಿದ್ದುದು ಪಿಸ್ಟನ್ನಿನ ಮೇಲಲ್ಲ, ಪಕ್ಕದ ಪುಟ್ಟ ಕೋಣೆಯೊಳಗೆ. ಅಲ್ಲಿ ಗಾಳಿ ತಾನೇ ಸುಳಿಯಾಗಿ ಸುತ್ತುವುದರಿಂದ ಡೀಸೆಲನ್ನು ತೀರಾ ನುಣ್ಣಗೆ ಒಡೆಯಬೇಕಾಗಿರಲಿಲ್ಲ. 130ರಿಂದ 155 ಬಾರ್ ಒತ್ತಡಕ್ಕೆ ನಾಝಲ್ ತೆರೆದುಕೊಂಡರೆ ಸಾಕಿತ್ತು.

1989ರಲ್ಲಿ ಆಡಿ 100 ಕಾರಿನೊಂದಿಗೆ ಬಂದ ಟಿಡಿಐ ಆ ಕೋಣೆಯನ್ನೇ ತೆಗೆದುಹಾಕಿತು. ಡೀಸೆಲ್ ನೇರವಾಗಿ ಪಿಸ್ಟನ್ನಿನ ನೆತ್ತಿಯ ಬಟ್ಟಲಿಗೆ ಬೀಳಬೇಕು. 1.9 ಲೀಟರಿನ ತಮ್ಮನಲ್ಲಿ ಅದು ಸುಮಾರು 0.2 ಮಿಲಿಮೀಟರಿನ ಐದು ತೂತುಗಳಿಂದ, ಕಣ್ಣಿಗೆ ಕಾಣದಷ್ಟು ಸಣ್ಣ ಹನಿಯಾಗಿ ಬರಬೇಕು. ಇಲ್ಲಿ ನಾಝಲ್ ತೆರೆಯುವುದೇ 190 ಬಾರ್ ಆಸುಪಾಸಿನಲ್ಲಿ, ಪೈಪಿನೊಳಗಿನ ಒತ್ತಡ ಅಲ್ಲಿಂದ ಇನ್ನೂ ಎಷ್ಟೋ ಪಟ್ಟು ಏರುತ್ತದೆ. ಹಳೆಯ ಪಂಪನ್ನು ಹಾಗೆಯೇ ಹೊಸ ಎಂಜಿನ್ನಿಗೆ ಬಿಗಿದರೆ ಎಂಜಿನ್ ಸ್ಟಾರ್ಟ್ ಆಗುತ್ತದೆ, ಆದರೆ ಪಿಕಪ್ ಇಲ್ಲ, ಹೊಗೆ ಬೇಕಾದಷ್ಟು. ಬೋಲ್ಟಿನ ತೂತು ಕೂಡಿದ ಮಾತ್ರಕ್ಕೆ ಬೆಂಕಿ ಕೂಡುವುದಿಲ್ಲ. ಹಳೆಯ ಪ್ಲಂಜರಿನ ವ್ಯಾಸ 9 ಮಿಲಿಮೀಟರ್, ಟಿಡಿಐಯದು 10. ಕೇಳಲು ಒಂದೇ ಮಿಲಿಮೀಟರ್, ಆದರೆ ಅಷ್ಟೇ ಓಟದಲ್ಲಿ ಅದು ತಳ್ಳುವ ಡೀಸೆಲ್ ಹೆಚ್ಚುಕಡಿಮೆ ಕಾಲು ಭಾಗ ಜಾಸ್ತಿ. ಪ್ಲಂಜರನ್ನು ಎತ್ತುವ ಕ್ಯಾಮಿನ ಉಬ್ಬು ಕೂಡ ಬೇರೆ.

ಹಾಗಾದರೆ ಟಿಡಿಐಯ ಸ್ವಂತ ಪಂಪನ್ನೇ ಉಳಿಸಿಕೊಳ್ಳಬಹುದಲ್ಲ? ಆದರೆ ಅದರೊಳಗೆ ಎಂಜಿನ್ನಿನ ವೇಗಕ್ಕೆ ತಕ್ಕಂತೆ ಡೀಸೆಲ್ ಹೊಂದಿಸುವ ಗವರ್ನರೇ ಇಲ್ಲ. ಎಷ್ಟು ಡೀಸೆಲ್ ಎಂಬುದನ್ನು ಕಂಪ್ಯೂಟರಿನ ಆಜ್ಞೆಯಂತೆ ತಿರುಗುವ ವಿದ್ಯುತ್ ಅಯಸ್ಕಾಂತ ತೀರ್ಮಾನಿಸುತ್ತದೆ. ಆಕ್ಸಿಲರೇಟರಿಗೆ ಕೇಬಲ್ ಇಲ್ಲ. ನಾಝಲ್ ಸೂಜಿ ಎದ್ದ ಗಳಿಗೆಯನ್ನು ತಿಳಿಸಲು ಒಂದು ಇಂಜೆಕ್ಟರಿನಲ್ಲಿ ಸೆನ್ಸರ್. ವೈರಿಂಗಿನ ಇಡೀ ಜಾಲವನ್ನು ಎಂಬತ್ತರ ದಶಕದ ವ್ಯಾನಿಗೆ ಹೊಲಿಯುವುದು ಒಂದು ದಾರಿ. ಇನ್ನೊಂದು ದಾರಿ, ಪಂಪನ್ನೇ ಹಿಂದಿನ ಕಾಲಕ್ಕೆ ಒಯ್ಯುವುದು.

ಅದು ಸಾಧ್ಯವಾದದ್ದು ವಿಇ ಪಂಪಿನ ಅಸ್ಥಿಪಂಜರ ಬದಲಾಗದೆ ಉಳಿದದ್ದರಿಂದ. 1989ರಲ್ಲೇ ಬ್ರಿಟನ್ನಿನ ಲ್ಯಾಂಡ್ ರೋವರ್ ತನ್ನ 200 ಟಿಡಿಐ ಎಂಜಿನ್ನಿನ ನೇರ ಇಂಜೆಕ್ಷನ್ನಿಗೆ ಕಂಪ್ಯೂಟರಿಲ್ಲದ ವಿಇ ಪಂಪನ್ನೇ ಬಳಸಿತ್ತು. ಅಂದರೆ ಆಗದ ಕೆಲಸವಲ್ಲ. ಫೋಕ್ಸ್‌ವ್ಯಾಗನ್ ಪ್ರಿಯರು ತಮ್ಮದೇ ಮನೆಯ 1.9 ಲೀಟರ್ ಟರ್ಬೊ ಡೀಸೆಲ್, ಅಂದರೆ ಪಕ್ಕದ ಕೋಣೆಯ ಹಳೆಯ ಮಾದರಿಯ, ಎಎಝೆಡ್ ಎಂಜಿನ್ನಿನ ಪಂಪನ್ನು ಆರಿಸಿಕೊಂಡರು. ಅದರ ಹೊರಮೈ, ಗವರ್ನರ್ ತೂಕಗಳು, ಲಿವರ್, ಟರ್ಬೊ ಗಾಳಿ ಏರಿದಂತೆ ಡೀಸೆಲ್ ಏರಿಸುವ ಡಯಾಫ್ರಾಮ್ ಇಷ್ಟನ್ನು ಇಟ್ಟುಕೊಂಡು, ಒಳಗೆ ಟಿಡಿಐ ಪಂಪಿನ ತಲೆ, ಪ್ಲಂಜರ್ ಮತ್ತು ಕ್ಯಾಮ್ ಪ್ಲೇಟ್ ಕೂರಿಸಿದರು.

ನನಗೆ ಬಹಳ ಗೌರವ ಮೂಡುವುದು ಇಲ್ಲಿ ಬೇಕಾಗುವ ಶಿಸ್ತಿನ ಬಗ್ಗೆ. ಪ್ಲಂಜರ್ ಮತ್ತು ತಲೆ ಒಂದನ್ನೊಂದು ಉಜ್ಜಿ ಹದಗೊಳಿಸಿದ ಜೋಡಿ. ಒಂದರ ಪ್ಲಂಜರನ್ನು ಇನ್ನೊಂದರ ತಲೆಗೆ ತೂರಿಸಿದರೆ ಸೋರುತ್ತದೆ ಇಲ್ಲವೇ ಕಚ್ಚಿಕೊಳ್ಳುತ್ತದೆ, ಆದ್ದರಿಂದ ಆ ಜೋಡಿಯನ್ನು ಒಡೆಯಲೇಬಾರದು. ಅಂತರ ಹೊಂದಿಸುವ ತೆಳು ಬಿಲ್ಲೆಗಳನ್ನು, ಅಂದರೆ ಶಿಮ್‌ಗಳನ್ನು, ಹಳೆಯ ಪಂಪಿನಿಂದ ಎತ್ತಿ ಹಾಕಿದರೆ ಆಗದು, ಹೊಸ ಜೋಡಣೆಗೆ ಮತ್ತೆ ಅಳೆದೇ ಹಾಕಬೇಕು. ಗವರ್ನರ್ ಸ್ಪ್ರಿಂಗ್ ಚಿಕ್ಕ ಪ್ಲಂಜರಿನ ಲೆಕ್ಕದ್ದು. ಈಗ ಲಿವರ್ ಕೂದಲೆಳೆಯಷ್ಟು ಸರಿದರೂ ಹೆಚ್ಚು ಡೀಸೆಲ್ ನುಗ್ಗುವುದರಿಂದ ಎಂಜಿನ್ ಐಡ್ಲಿಂಗಿನಲ್ಲಿ ಏರಿಳಿಯುತ್ತದೆ. ಸ್ಪ್ರಿಂಗ್ ಬದಲಿಸಿ ಬದಲಿಸಿ ನೋಡುವ ತಾಳ್ಮೆ ಬೇಕು. ನಾಲ್ಕೂ ಡೆಲಿವರಿ ವಾಲ್ವ್ ಒಂದೇ ಸೆಟ್ಟಿನವಿರಬೇಕು, ನಾಲ್ಕೂ ಪೈಪು ಒಂದೇ ಉದ್ದವಿರಬೇಕು. ಹಳೆಯ ಇಂಜೆಕ್ಟರ್ ಹೆಡ್ಡಿಗೆ ತಿರುಚಿ ಕೂರುವಂಥದ್ದು, ಟಿಡಿಐಯದು ಕ್ಲಾಂಪಿನಿಂದ ಒತ್ತಿ ಹಿಡಿಯುವಂಥದ್ದು. ಆದ್ದರಿಂದ ಪೈಪಿನ ಬಾಗುಗಳೂ ಹೊಂದುವುದಿಲ್ಲ.

ಡೀಸೆಲ್ ಚಿಮ್ಮುವ ಟೈಮಿಂಗಿನ ಮಾತು ಇನ್ನೂ ಸೂಕ್ಷ್ಮ. ಹಳೆಯ 1.6 ಡೀಸೆಲ್‌ಗೆ ಪಂಪಿನ ತಲೆಯಲ್ಲಿ ಡಯಲ್ ಗೇಜ್ ತೂರಿಸಿ, ಪ್ಲಂಜರ್ 0.9 ಮಿಲಿಮೀಟರ್ ಆಸುಪಾಸು ಎದ್ದಿದೆಯೇ ಎಂದು ನೋಡಿದರೆ ಮುಗಿಯಿತು. ಟಿಡಿಐಯಲ್ಲಿ ಆ ಲೆಕ್ಕವನ್ನು ಗಳಿಗೆ ಗಳಿಗೆಗೂ ಕಂಪ್ಯೂಟರ್ ತಿದ್ದುತ್ತಿತ್ತು. ಬೆರಕೆ ಪಂಪಿಗೆ ಆ ಕೈ ಇಲ್ಲ. ಪಂಪಿನೊಳಗಿನ ಡೀಸೆಲ್ ಒತ್ತಡ ವೇಗದೊಂದಿಗೆ ಏರಿದಂತೆ ಟೈಮಿಂಗ್ ಮುಂದೆ ಸರಿಯುವ ಹಳೆಯ ಏರ್ಪಾಡೇ ಗತಿ. ಬೆಳಗಿನ ಚಳಿಯ ಸ್ಟಾರ್ಟಿಗೂ ಹೆದ್ದಾರಿಯ ಓಟಕ್ಕೂ ಒಗ್ಗುವ ಒಂದು ಅಳತೆಯನ್ನು ಕಟ್ಟಿದವರೇ ಹುಡುಕಿಕೊಳ್ಳಬೇಕು, ಯಾವ ಕೈಪಿಡಿಯಲ್ಲೂ ಅದು ಅಚ್ಚಾಗಿಲ್ಲ. ಕ್ಯಾಲಿಬ್ರೇಶನ್ ಬೆಂಚಿನಲ್ಲಿ ನಾಲ್ಕೂ ಪೈಪಿನ ಡೀಸೆಲ್ ಸಮವೇ ಎಂದು ನೋಡಬಹುದು, ಆದರೆ ಎಷ್ಟಿರಬೇಕು ಎಂದು ಹೇಳುವ ಪಟ್ಟಿ ಇಲ್ಲ. ಅದಕ್ಕೇ ಬಲ್ಲವರು ಟರ್ಬೊ ಮುಂದಿನ ಹೊಗೆಯ ಶಾಖ ಅಳೆಯುವ ಮೀಟರ್ ಹಾಕಿಕೊಂಡು, ಡೀಸೆಲ್ ಸ್ಕ್ರೂವನ್ನು ಒಂದಿಷ್ಟೇ ತಿರುಗಿಸಿ, ಏರಿನಲ್ಲಿ ಓಡಿಸಿ, ಮತ್ತೆ ನೋಡುತ್ತಾರೆ. ಮೀಟರಿಲ್ಲದೆ ಪಿಕಪ್‌ಗಾಗಿ ಸ್ಕ್ರೂ ತಿರುಗಿಸಿಬಿಡುವ ಅಭ್ಯಾಸ ನಮ್ಮೂರುಗಳಲ್ಲೂ ಇದೆ, ಪಿಸ್ಟನ್ ಕರಗುವುದು ಹಾಗೆ. ಪೆಟ್ರೋಲ್ ಜೀಪಿಗೂ ಅಂಬಾಸಿಡರಿಗೂ ಡೀಸೆಲ್ ಎಂಜಿನ್ ಕೂರಿಸಿದ ನಮ್ಮ ಗ್ಯಾರೇಜುಗಳಿಗೆ ಇಂಥ ಬೆರಕೆ ಕೆಲಸ ಅಪರಿಚಿತ ಸಂಗತಿಯಲ್ಲ. ಎಂಜಿನ್ ಬದಲಾದರೆ ಆರ್‌ಟಿಒ ಒಪ್ಪಿಗೆ ಪಡೆದು ಆರ್‌ಸಿಯಲ್ಲಿ ದಾಖಲಿಸಬೇಕು ಎಂಬುದನ್ನೂ ಮರೆಯುವಂತಿಲ್ಲ.

ಈ ಕಸುಬಿಗೆ ಕಾಲದ ಗಡಿಯೂ ಇದೆ. 1998ರಲ್ಲಿ ಫೋಕ್ಸ್‌ವ್ಯಾಗನ್ ಪ್ರತಿ ಸಿಲಿಂಡರಿನ ಇಂಜೆಕ್ಟರಿನಲ್ಲೇ ಪಂಪನ್ನು ಅಡಗಿಸಿ, ಒತ್ತಡವನ್ನು 2,000 ಬಾರ್ ದಾಟಿಸಿತು. ಆ ಎಂಜಿನ್ನುಗಳಲ್ಲಿ ಬಿಚ್ಚಿ ಬೆರೆಸಲು ಹೊರಗೊಂದು ಪಂಪೇ ಇಲ್ಲ. ಅದರ ಹಿಂದೆಯೇ ಕಾಮನ್ ರೈಲ್ ಹರಡಿತು. ಹಾಗಾಗಿ ಹಳೆಯ ವ್ಯಾನಿಗೆ ತಂತಿಯಿಲ್ಲದ ಟಿಡಿಐ ಬೇಕೆನ್ನುವವರು ಇಂದಿಗೂ ತೊಂಬತ್ತರ ದಶಕದ ಎಂಜಿನ್ನನ್ನೇ ಹುಡುಕುತ್ತಾರೆ, ಅದರ ಜೊತೆಗೆ ಗುಜರಿ ಸೇರಿದ ಎಎಝೆಡ್ ಪಂಪೊಂದನ್ನೂ.