ಊಟಿಯೋ? ಕೊಡೈಯೋ? ಕಮಲ್ ಹಾಸನ್‌ನನ್ನೇ ಕೇಳಿ!

ಚಿತ್ರರಸಿಕ ಗೆಳೆಯರೇ, ಜೇಬಲ್ಲಿ ದುಡ್ಡು ಕಮ್ಮಿ, ಕೈಲಿರೋದು ಮೂರೇ ದಿನ, ಮನಸ್ಸಲ್ಲಿ ಮಾತ್ರ ಎರಡು ಕೆರೆ! ಒಂದು ಊಟಿಯದು, ಇನ್ನೊಂದು ಕೊಡೈಕೆನಾಲ್‌ದು. ಎರಡೂ ಏಳು ಸಾವಿರ ಅಡಿ ಎತ್ತರದಲ್ಲಿವೆ. ಎರಡನ್ನೂ ಕಟ್ಟಿಸಿದವರು ಬ್ರಿಟಿಷ್ ಸಾಹೇಬರು: ಊಟಿಯದನ್ನು 1820ರ ದಶಕದಲ್ಲಿ ಸಲ್ಲಿವನ್, ಕೊಡೈಯದನ್ನು 1863ರಲ್ಲಿ ಲೆವಿಂಜ್. ಸಾಲದ್ದಕ್ಕೆ ಎರಡೂ ಊರಲ್ಲಿ ಕಮಲ್ ಹಾಸನ್ ಪ್ರೇಮಕ್ಕಾಗಿ ಗೋಳಾಡಿದ್ದಾನೆ! ಆರಿಸೋದು ಹೇಗೆ ಸ್ವಾಮಿ?

ನಮ್ಮದು ನಾಲ್ಕು ತಾಲ್ಲೂಕಿನ ಪಟಾಲಂ. ನಾನು ಹುಣಸೂರಿನವ. ಪಿರಿಯಾಪಟ್ಟಣದವನೊಬ್ಬ, ಕೆ.ಆರ್. ನಗರದವನೊಬ್ಬ, ಎಚ್.ಡಿ. ಕೋಟೆಯವನೊಬ್ಬ. ಹೊಗೆಸೊಪ್ಪು ಬೇಯಿಸೋದು ಮುಗಿದು ಹರಾಜು ಶುರುವಾಗೋ ಮುಂಚೆ ಸಿಗೋದು ಒಂದಿಷ್ಟೇ ಬಿಡುವು. ಕೋಟೆಯವನಂತೂ ಮೈಸೂರು ದಾಟಿದವನಲ್ಲ. ರಾತ್ರಿಯಿಡೀ ಬ್ಯಾರನ್ ಬಾಯಿಗೆ ಸೌದೆ ಒಟ್ಟುತ್ತಾ ಮೊಬೈಲಲ್ಲಿ ಸಿನಿಮಾ ನೋಡೋ ಪ್ರಾಣಿ. ಸೊಪ್ಪಿನ ದುಡ್ಡು ಬಂದ ಕೂಡಲೇ ಸಾಲಕ್ಕೆ, ಆಮೇಲೆ ತಂಗಿ ಮದುವೆಗೆ. "ನಂಗೆ ಇದೊಂದೇ ಟೂರು ಕಣ್ಲಾ, ಸುಮ್ನೆ ಹಾಳು ಮಾಡ್ಬ್ಯಾಡಿ" ಅಂದುಬಿಟ್ಟ. ಅಲ್ಲಿಗೆ ನಮ್ಮ ತಮಾಷೆಯೆಲ್ಲ ಬಂದ್!

ಪಿರಿಯಾಪಟ್ಟಣದವನದು ಕೊಡೈ ಪಕ್ಷ. 2024ರ 'ಮಂಜುಮ್ಮೆಲ್ ಬಾಯ್ಸ್' ನೋಡಿದಾಗಿನಿಂದ ಅವನ ಬಾಯಲ್ಲಿ ಗುಣ ಗುಹೆಯದೇ ಜಪ. 1991ರಲ್ಲಿ ಕಮಲ್‌ನ 'ಗುಣ' ಅಲ್ಲಿ ಚಿತ್ರೀಕರಣವಾಗಿದ್ದಕ್ಕೇ ಆ ಗುಹೆಗೆ ಆ ಹೆಸರು. ಅದಕ್ಕೂ ಮುಂಚೆ ಬ್ರಿಟಿಷರ ಬಾಯಲ್ಲಿ ಅದು 'ದೆವ್ವದ ಅಡುಗೆಮನೆ'! 2006ರಲ್ಲಿ ಕೇರಳದ ಹುಡುಗನೊಬ್ಬ ಅದರೊಳಗೆ ಬಿದ್ದ, ಗೆಳೆಯನೊಬ್ಬ ಇಳಿದು ಎತ್ತಿ ತಂದ, ಅದೇ ಕಥೆ ಸಿನಿಮಾ ಆಯಿತು. ನಾನು ಕೊಡೈಗೆ ಒಮ್ಮೆ ಹೋಗಿ ಬಂದವನಾದ್ದರಿಂದ ಹೇಳಿದೆ: "ಲೇ, ಅಲ್ಲಿ ಕಾಣೋದು ಮರದ ಬೇರು, ಕಬ್ಬಿಣದ ಬೇಲಿ. ಗುಹೆ ಒಳಗೆ ಬಿಡಲ್ಲ." "ಬೇಲಿ ಹಾರಾನ, ಒಂದು ರೀಲ್ಸ್ ಮಾಡಾನ" ಅಂದ. ನನಗೆ ಮೈ ಉರಿಯಿತು. ಪರದೆಯ ಮೇಲಿನ ಗುಹೆಯ ಒಳಗು ಬಹುಪಾಲು ಸೆಟ್ಟು ಗೆಳೆಯರೇ. ಅಲ್ಲಿರೋ ಕೊರಕಲು ಮಾತ್ರ ನಿಜ. ಎಷ್ಟೋ ಜನರ ಪ್ರಾಣ ನುಂಗಿದೆ. ಹಾಗೆ ಹಾರೋದಾದ್ರೆ ನಾನು ಬರಲ್ಲ ಅಂತ ಖಡಾಖಂಡಿತವಾಗಿ ಹೇಳಿದೆ.

ಆದರೆ ಕೆರೆ ವಿಷಯದಲ್ಲಿ ನನ್ನ ಓಟು ಕೊಡೈಗೇ! ನಕ್ಷತ್ರದಾಕಾರದ ಕೆರೆ, ಸುತ್ತ ಐದು ಕಿಲೋಮೀಟರ್ ರಸ್ತೆ. ಬಾಡಿಗೆ ಸೈಕಲ್ ಹತ್ತಿ ಒಂದು ಸುತ್ತು ಹೊಡೆದರೆ ನೀವೇ ಹೀರೋ. ಮಂಜು ಬಂದು ಕೆರೆಯನ್ನೇ ಮುಚ್ಚಿಬಿಡುತ್ತೆ, ಮತ್ತೆ ಪರದೆ ಸರಿಸಿದ ಹಾಗೆ ತೆರೆಯುತ್ತೆ. ಊಟಿ ಕೆರೆಗೆ ಆ ಭಾಗ್ಯವಿಲ್ಲ. ಬೋಟ್ ಹೌಸಿನ ಟಿಕೆಟ್ ತಗೊಂಡರೇ ನೀರಿನ ಹತ್ತಿರ ಹೋಗೋದು. ಚರಂಡಿ ನೀರು ಸೇರುತ್ತೆ ಅನ್ನೋ ದೂರೂ ಹಳೆಯದು. ಕೆರೆ ಎಷ್ಟು ಕುಗ್ಗಿದೆಯೆಂದರೆ, ನಾವು ಇಳಿಯೋ ಬಸ್ ಸ್ಟ್ಯಾಂಡು, ಪಕ್ಕದ ರೇಸ್ ಕೋರ್ಸು ಎಲ್ಲ ಒಂದು ಕಾಲಕ್ಕೆ ಕೆರೆಯ ಜಾಗವೇ!

ಹಾಗಾದರೆ ಕೊಡೈ ಗೆದ್ದಿತೇ? ತಾಳಿ! ಮೈಸೂರಿಂದ ಊಟಿಗೆ ನೇರ ಬಸ್ಸಿದೆ. ಗುಂಡ್ಲುಪೇಟೆ, ಬಂಡೀಪುರ, ಗೂಡಲೂರು ದಾಟಿದರೆ ಮಧ್ಯಾಹ್ನದ ಊಟ ಊಟಿಯಲ್ಲೇ. ಕೊಡೈ ಮುನ್ನೂರು ಕಿಲೋಮೀಟರಿಗೂ ಮಿಗಿಲು. ಸತ್ಯಮಂಗಲ, ಪಳನಿ ಅಂತ ಬಸ್ ಬದಲಿಸಿ ಹೋಗಿ ಬರೋದಕ್ಕೇ ಎರಡು ದಿನ ಸ್ವಾಹಾ. ಬೈಕಲ್ಲಿ ಹೊರಡೋ ಶೂರರೇ, ಕೇಳಿ: 2009ರಿಂದ ಬಂಡೀಪುರದ ದಾರಿ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಬಂದ್. 2024ರ ಮೇ ತಿಂಗಳಲ್ಲಿ ಮದ್ರಾಸ್ ಹೈಕೋರ್ಟ್ ಆದೇಶದಂತೆ ಎರಡೂ ಊರಿಗೆ ಇ-ಪಾಸ್ ಪದ್ಧತಿ ಬಂತು. ಸರ್ಕಾರಿ ಬಸ್ಸಿನವರಿಗೆ ಆ ರಗಳೆಯಿಲ್ಲ.

ಕೊನೆಗೆ ತೀರ್ಪು ಕೊಟ್ಟವನು ಕೋಟೆಯವನೇ. "ಕೆರೆ ಏನ್ಲಾ ಕೆರೆ, ನಮ್ಮೂರಲ್ಲಿ ಕಬಿನಿ ಹಿನ್ನೀರು ಸಮುದ್ರದಂಗದೆ. ಆ ರೈಲ್ವೆ ಸ್ಟೇಷನ್ ತೋರ್ಸಿ ಸಾಕು" ಅಂದ. ಯಾವುದು ಅಂತ ಹೇಳಬೇಕೇ? 1982ರ 'ಮೂನ್ರಾಂ ಪಿರೈ' ಕ್ಲೈಮ್ಯಾಕ್ಸಿನ ಕೇತಿ ಸ್ಟೇಷನ್! ನೆನಪು ಮರಳಿದ ಶ್ರೀದೇವಿ ರೈಲಲ್ಲಿ, ಗುರುತು ಹಿಡಿಯಲೆಂದು ಮಳೆಯಲ್ಲಿ ಕೋತಿಯಂತೆ ಕುಣಿಯೋ ಕಮಲ್ ಕೆಳಗೆ... ಕಲ್ಲೆದೆಯೂ ಕರಗಬೇಕು. ಅದರ ನಿರ್ದೇಶಕ ಬಾಲು ಮಹೇಂದ್ರ ಮೊಟ್ಟಮೊದಲು ನಿರ್ದೇಶಿಸಿದ್ದು ನಮ್ಮ ಕನ್ನಡದ 'ಕೋಕಿಲ' (1977), ಅದರಲ್ಲೂ ಕಮಲ್ಲೇ ನಾಯಕ! 'ದಿಲ್ ಸೇ'ಯಲ್ಲಿ (1998) ಶಾರುಖ್ ರೈಲಿನ ಮೇಲೆ ಕುಣಿದಿದ್ದೂ ಇದೇ ಹಳಿಯ ಮೇಲೆ.

ಊಟಿಯಿಂದ ಕೂನೂರು ಕಡೆಗೆ ಹೋಗೋ ಪುಟ್ಟ ರೈಲಲ್ಲಿ ಲವ್‌ಡೇಲ್ ಆದಮೇಲೆ ಕೇತಿ. ಇಳಿದೆವು. ಚಿಕ್ಕ ಸ್ಟೇಷನ್ನು, ಚಳಿ, ಕೆಳಗೆ ಕಣಿವೆ. ಕೋಟೆಯವನು ಪ್ಲಾಟ್‌ಫಾರಂ ತುದಿಯವರೆಗೆ ಒಬ್ಬನೇ ನಡೆದುಹೋದ. ನಾವು ಕರೆಯಲಿಲ್ಲ. ಬಹಳ ಹೊತ್ತಿನ ಮೇಲೆ ಬಂದು, "ಇಲ್ಲಿ ಹೊಗೆ ವಾಸ್ನೇನೆ ಇಲ್ಲ ಕಣ್ಲಾ" ಅಂದ.

ಪಿರಿಯಾಪಟ್ಟಣದವನು ಹರಾಜು ಮುಗಿದ ಮೇಲೆ ಐದು ದಿನ ಇಟ್ಟುಕೊಂಡು ಕೊಡೈಗೆ ಹೊರಡೋನಿದ್ದಾನೆ. ಬೇಲಿ ಈಚೆಗೇ ನಿಲ್ತೀನಿ ಅಂತ ತಾಯಾಣೆ ಮಾಡಿದ್ದಾನೆ. ಸೈಕಲ್ ಬಾಡಿಗೆ ನಂದು.