ಯಂತ್ರದ ಆತ್ಮಪರೀಕ್ಷೆ

ಕಾಗಿನೆಲೆಯಂತಹ ಊರಿನಲ್ಲಿ ವಿದ್ಯಾರ್ಥಿಯೊಬ್ಬನ ಲ್ಯಾಪ್‌ಟಾಪ್ ಕೆಲಸದ ನಡುವೆ ಸ್ತಬ್ಧವಾಗಿ ನಿಂತು, ನೀಲಿ ಪರದೆಯನ್ನು ತೋರಿಸಿ, ತಾನಾಗಿಯೇ ಆರಿ ಮತ್ತೆ ಹೊತ್ತಿಕೊಳ್ಳತೊಡಗಿತೆಂದರೆ, ಅದನ್ನು ಚೀಲದಲ್ಲಿಟ್ಟುಕೊಂಡು ಬ್ಯಾಡಗಿಗೋ ಹಾವೇರಿಗೋ ಬಸ್ಸು ಹತ್ತುವುದೇ ರೂಢಿ. ಫಾರ್ಮ್ಯಾಟ್ ಮಾಡಿಸಿ ವಿಂಡೋಸ್ ಹೊಸದಾಗಿ ಹಾಕಿಸಿಬಿಡೋಣವೆಂಬ ಮಾತು ಅಲ್ಲಿ ಬೇಗನೆ ಬರುತ್ತದೆ. ದೋಷವು ತಂತ್ರಾಂಶದಲ್ಲಿದ್ದ ಪಕ್ಷದಲ್ಲಿ ಈ ಚಿಕಿತ್ಸೆ ಫಲಿಸೀತು. ರ್‍ಯಾಮಿನ ಯಾವುದೋ ಒಂದು ಕೋಶದಲ್ಲಿಯೋ, ಹಾರ್ಡ್ ಡಿಸ್ಕಿನ ಸವೆದ ಭಾಗವೊಂದರಲ್ಲಿಯೋ ಅಡಗಿದ್ದರೆ, ಹಣವೂ ಹೋಗಿ, ಶೇಖರಿಸಿದ ಕಡತಗಳೂ ಅಳಿದು, ರೋಗ ಮಾತ್ರ ಇದ್ದ ಹಾಗೆಯೇ ಉಳಿಯುತ್ತದೆ. ಇವೆರಡರಲ್ಲಿ ಯಾವುದೆಂಬುದನ್ನು ಒಂದು ಸ್ಕ್ರೂವನ್ನೂ ಬಿಚ್ಚದೆ ಮನೆಯಲ್ಲಿಯೇ ಬಹುಮಟ್ಟಿಗೆ ನಿಶ್ಚಯಿಸುವ ಸಾಧನವು ಆ ಯಂತ್ರದೊಳಗೇ ಇದೆಯೆಂಬುದು ಅದನ್ನು ಕೊಂಡವರಿಗೇ ತಿಳಿಯದಿರುವುದು ವಿಷಾದಕರ.

ಈ ಏರ್ಪಾಡು ಹೊಸದಲ್ಲ. 1981ರ ಆಗಸ್ಟ್‌ನಲ್ಲಿ ಹೊರಬಂದ ಐಬಿಎಂ ಪರ್ಸನಲ್ ಕಂಪ್ಯೂಟರು ವಿದ್ಯುತ್ತು ಹರಿದೊಡನೆ, ಬೇರಾವ ಕಾರ್ಯಕ್ಕೂ ಕೈಹಾಕುವ ಮುನ್ನ, ತನ್ನ ಸಂಸ್ಕಾರಕವನ್ನೂ ಸ್ಮೃತಿಯನ್ನೂ ಕೀಲಿಮಣೆಯನ್ನೂ ತಾನೇ ವಿಚಾರಿಸಿ, ಎಲ್ಲವೂ ಸರಿಯಾಗಿದ್ದರೆ ಒಂದು ಹ್ರಸ್ವವಾದ ಬೀಪ್ ಧ್ವನಿಯನ್ನು ಹೊರಡಿಸುತ್ತಿತ್ತು. ಪರದೆಯೇ ಇನ್ನೂ ಎಚ್ಚರಗೊಳ್ಳದ ಆ ಗಳಿಗೆಯಲ್ಲಿ ದೋಷವನ್ನು ಅಕ್ಷರದಲ್ಲಿ ಬರೆದು ತಿಳಿಸುವಂತಿರಲಿಲ್ಲವಾದ್ದರಿಂದ, ಧ್ವನಿಗಳ ಸಂಖ್ಯೆ ಮತ್ತು ದೀರ್ಘತೆಗಳೇ ಸಂಕೇತಗಳಾದವು. ಇಂದಿನ ಲ್ಯಾಪ್‌ಟಾಪುಗಳಲ್ಲಿ ಕ್ಯಾಪ್ಸ್ ಲಾಕ್ ದೀಪವೋ ಬ್ಯಾಟರಿಯ ದೀಪವೋ ನಿಯತ ಸಂಖ್ಯೆಯಲ್ಲಿ ಮಿನುಗುವುದೂ ಇದೇ ಕಾರಣದಿಂದ. ಪರದೆ ಕತ್ತಲಾಗಿದೆಯೆಂದು ಕೈಚೆಲ್ಲದೆ ಆ ಮಿನುಗನ್ನು ಎಣಿಸಿ ಬರೆದಿಟ್ಟುಕೊಂಡವನ ಕೈಯಲ್ಲಿ ಅರ್ಧ ಉತ್ತರ ಇದ್ದಂತೆಯೇ.

ಇದಕ್ಕಿಂತ ವಿಸ್ತಾರವಾದ ಪರೀಕ್ಷೆಯನ್ನು ನಾವಾಗಿಯೇ ಕರೆಯಬೇಕು. ಸ್ವಿಚ್ ಒತ್ತಿದೊಡನೆ ಡೆಲ್ ಯಂತ್ರಗಳಲ್ಲಿ ಎಫ್12 ಕೀಲಿಯನ್ನೂ, ಎಚ್‌ಪಿಯಲ್ಲಿ ಎಸ್ಕೇಪ್ ಒತ್ತಿದ ಬಳಿಕ ಎಫ್2 ಕೀಲಿಯನ್ನೂ, ಲೆನೊವೊದ ಈಚಿನ ಥಿಂಕ್‌ಪ್ಯಾಡ್‌ಗಳಲ್ಲಿ ಎಫ್10 ಕೀಲಿಯನ್ನೂ ಒತ್ತಿದರೆ ಡಯಾಗ್ನಾಸ್ಟಿಕ್ಸ್‌ಗೆ ದಾರಿ ದೊರೆಯುತ್ತದೆ. ಇಂಟೆಲ್ ಚಿಪ್ಪಿನ ಮ್ಯಾಕ್‌ಬುಕ್ಕಿನಲ್ಲಿ ಡಿ ಅಕ್ಷರವನ್ನು ಅದುಮಿ ಹಿಡಿಯಬೇಕು. ಈ ಪರೀಕ್ಷೆಯ ಮಹತ್ತ್ವವೆಲ್ಲ ಅದು ವಿಂಡೋಸ್‌ನ ನೆರವಿಲ್ಲದೆ, ಯಂತ್ರದ ಫರ್ಮ್‌ವೇರ್‌ನ ಬಲದಿಂದಲೇ ನಡೆಯುವುದರಲ್ಲಿದೆ. ವಿಂಡೋಸ್ ಇನ್ನೂ ರಂಗಕ್ಕೆ ಬರದಿರುವಾಗಲೂ ದೋಷವು ಕಾಣಿಸಿಕೊಂಡಿತಾದರೆ, ಅದನ್ನು ವೈರಸ್ಸಿನ ಮೇಲೆ ಹೊರಿಸುವುದಕ್ಕೆ ಆಧಾರವೇ ಉಳಿಯದು.

ಸ್ಮೃತಿಯ ಪರೀಕ್ಷೆ ಹೇಗೆ ನಡೆಯುವುದೆಂಬುದು ಸ್ವಾರಸ್ಯಕರವಾದ ವಿಷಯ. ಎಂಟು ಗಿಗಾಬೈಟಿನ ರ್‍ಯಾಮಿನಲ್ಲಿ ಸುಮಾರು 6,870 ಕೋಟಿ ಕೋಶಗಳಿದ್ದು, ಒಂದೊಂದೂ ಅತ್ಯಲ್ಪವಾದ ವಿದ್ಯುದಾವೇಶವನ್ನು ಹಿಡಿದಿಡುವ ಸೂಕ್ಷ್ಮ ಧಾರಕವಾಗಿರುತ್ತದೆ. ಈ ಆವೇಶವು ನಿರಂತರವಾಗಿ ಸೋರುತ್ತಿರುವುದರಿಂದ, ಸಾಮಾನ್ಯವಾಗಿ 64 ಮಿಲಿಸೆಕೆಂಡಿಗೊಮ್ಮೆ ಎಲ್ಲವನ್ನೂ ಮರಳಿ ತುಂಬಬೇಕಾಗುತ್ತದೆ. ಪರೀಕ್ಷಕ ಕ್ರಮವಿಧಿಯು ಮೊದಲು ಎಲ್ಲೆಡೆಯೂ ಸೊನ್ನೆಯನ್ನು ಬರೆದು ಓದುತ್ತದೆ, ಬಳಿಕ ಒಂದನ್ನು. ಅನಂತರ ಸೊನ್ನೆ ಒಂದುಗಳನ್ನು ಸರದಿಯಾಗಿ ಬರೆದು, ಒಂದು ಕೋಶದ ಬದಲಾವಣೆಯು ನೆರೆಯ ಕೋಶವನ್ನು ಕದಡುವುದೋ ಎಂದು ನೋಡುತ್ತದೆ. ಬರೆದುದೊಂದು, ಓದಿದುದು ಇನ್ನೊಂದು ಎಂದಾದರೆ ಆ ರ್‍ಯಾಮು ನಂಬಿಕೆಗೆ ಅರ್ಹವಲ್ಲ.

ಆದರೆ ತಣ್ಣಗಿರುವಾಗ ಸರಿಯಾಗಿರುವ ಕೋಶವು ಬಿಸಿಯೇರಿದ ಮೇಲೆ ಬೇಗ ಸೋರುತ್ತದೆ. ಐದು ನಿಮಿಷದ ಶೀಘ್ರ ಪರೀಕ್ಷೆಯಲ್ಲಿ ಉತ್ತೀರ್ಣವಾದ ಯಂತ್ರ ಗಂಟೆಗಟ್ಟಲೆ ನಡೆಯುವ ದೀರ್ಘ ಪರೀಕ್ಷೆಯಲ್ಲಿ ಸೋಲುವುದು ಇದರಿಂದಲೇ. ಕನಕದಾಸರ ‘ರಾಮಧಾನ್ಯ ಚರಿತ್ರೆ’ಯಲ್ಲಿ ಭತ್ತವೂ ರಾಗಿಯೂ ತಂತಮ್ಮ ಹಿರಿಮೆಯನ್ನು ಸಾರಿಕೊಂಡು ವಾದಿಸಿದಾಗ ಶ್ರೀರಾಮನು ಆ ಕ್ಷಣದ ಮಾತಿನಿಂದ ತೀರ್ಪು ಕೊಡದೆ, ಎರಡನ್ನೂ ಆರು ತಿಂಗಳ ಕಾಲ ಸೆರೆಯಲ್ಲಿರಿಸಿ, ಕಾಲದ ಒತ್ತಡಕ್ಕೆ ಯಾವುದು ತಾಳುವುದೆಂದು ನೋಡಿದನಷ್ಟೆ, ದೀರ್ಘ ಪರೀಕ್ಷೆಯ ತತ್ತ್ವವೂ ಇದೇ. ಅವಸರವಿಲ್ಲದವರು ಚಾರ್ಜರನ್ನು ಜೋಡಿಸಿ, ರಾತ್ರಿಯಿಡೀ ಅದನ್ನು ನಡೆಯಗೊಡಬೇಕು.

ಹೀಗಿದ್ದರೂ ಪರೀಕ್ಷಕನ ದೃಷ್ಟಿಗೆ ಒಂದು ಮೇರೆಯುಂಟು. ಮೆಣಸಿನಕಾಯಿಯ ಹಂಗಾಮಿನಲ್ಲಿ ಬ್ಯಾಡಗಿಯ ಪೇಟೆಯ ದಲಾಲಿ ಅಂಗಡಿಯಲ್ಲಿ ಲೆಕ್ಕಕ್ಕೆಂದು ಇಟ್ಟ ಲ್ಯಾಪ್‌ಟಾಪನ್ನು ನೆನೆಯಿರಿ. ಘಾಟಿನೊಡನೆ ಗಾಳಿಯಲ್ಲಿ ತೇಲುವ ನವುರಾದ ಧೂಳನ್ನು ಅದರ ಫ್ಯಾನು ದಿನವೆಲ್ಲ ಒಳಗೆಳೆದುಕೊಳ್ಳುತ್ತದೆ. ಶಾಖವನ್ನು ಹೊರಹಾಕುವ ಲೋಹದ ತೆಳುಪಟ್ಟಿಗಳ ಸಂದಿನಲ್ಲಿ ಅದು ಕಂಬಳಿಯಾಗಿ ಕೂಡುತ್ತದೆ. ಫ್ಯಾನಿನ ಪರೀಕ್ಷೆ ಅದು ಎಷ್ಟು ವೇಗವಾಗಿ ತಿರುಗುವುದೆಂದು ಮಾತ್ರ ಅಳೆಯುವುದರಿಂದ ಯಥಾಪ್ರಕಾರ ಉತ್ತೀರ್ಣವೆನ್ನುತ್ತದೆ. ಗಾಳಿ ಹೊರಹೋಗುತ್ತಿದೆಯೇ ಎಂಬುದು ಅದಕ್ಕೆ ಗೋಚರಿಸದು. ಸಂಸ್ಕಾರಕವು ನೂರು ಡಿಗ್ರಿಯ ಸಮೀಪಕ್ಕೆ ಬಂದು, ತನ್ನನ್ನು ರಕ್ಷಿಸಿಕೊಳ್ಳಲು ವೇಗವನ್ನು ತಾನೇ ತಗ್ಗಿಸುತ್ತದೆ; ಒಡೆಯನಾದರೋ ಯಂತ್ರ ಮುಪ್ಪಾಯಿತೆಂದು ಭಾವಿಸುತ್ತಾನೆ. ಅಲ್ಲಿ ಬೇಕಾದುದು ಹೊಸ ಯಂತ್ರವಲ್ಲ, ತಿಳಿದವರಿಂದ ಒಮ್ಮೆ ಶುಚಿ ಮಾಡಿಸುವುದು.

ಹಾರ್ಡ್ ಡಿಸ್ಕಿನ ವಿಷಯದಲ್ಲಿ ಈ ಮೇರೆಯನ್ನು ಅಂಕೆಗಳಿಂದಲೇ ತೋರಿಸಬಹುದು. ಕೆಟ್ಟ ಸೆಕ್ಟರುಗಳೆಷ್ಟು, ಅವುಗಳಿಗೆ ಬದಲಿಯಾಗಿ ಮೀಸಲು ಸೆಕ್ಟರುಗಳನ್ನು ಎಷ್ಟು ಬಾರಿ ಒದಗಿಸಬೇಕಾಯಿತು ಎಂಬ ಲೆಕ್ಕವನ್ನು ಡಿಸ್ಕು ‘ಸ್ಮಾರ್ಟ್’ ಎಂಬ ವ್ಯವಸ್ಥೆಯಲ್ಲಿ ತಾನೇ ಬರೆದಿಡುತ್ತದೆ. ಒಂದು ಲಕ್ಷಕ್ಕೂ ಮಿಕ್ಕ ಡಿಸ್ಕುಗಳನ್ನು ಅಭ್ಯಸಿಸಿ ಗೂಗಲ್ ಸಂಸ್ಥೆಯ ಸಂಶೋಧಕರು 2007ರಲ್ಲಿ ಪ್ರಕಟಿಸಿದ ವರದಿಯಂತೆ, ಪರಿಶೀಲನೆಯ ವೇಳೆ ಮೊದಲ ದೋಷವನ್ನು ತೋರಿದ ಡಿಸ್ಕು ಮುಂದಿನ 60 ದಿನಗಳಲ್ಲಿ ಕೆಡುವ ಸಂಭವ, ದೋಷ ತೋರದವುಗಳಿಗಿಂತ 39 ಪಟ್ಟು ಅಧಿಕ. ಆದರೆ ಕೆಟ್ಟುಹೋದ ಡಿಸ್ಕುಗಳಲ್ಲಿ ಅರ್ಧಕ್ಕಿಂತ ಹೆಚ್ಚಿನವು ಸ್ಮಾರ್ಟ್‌ನ ಪ್ರಬಲವಾದ ನಾಲ್ಕು ಸೂಚನೆಗಳಲ್ಲಿ ಒಂದನ್ನೂ ತೋರದೆಯೇ ಕೆಟ್ಟಿದ್ದವು. ಆದಕಾರಣ ಪರೀಕ್ಷೆಯು ಅನುತ್ತೀರ್ಣವೆಂದರೆ ಅದನ್ನು ಪೂರ್ಣವಾಗಿ ನಂಬತಕ್ಕದ್ದು. ಉತ್ತೀರ್ಣವೆಂದರೆ, ಸದ್ಯಕ್ಕೆ ಏನೂ ಕಾಣಲಿಲ್ಲವೆಂದಷ್ಟೇ ಗ್ರಹಿಸತಕ್ಕದ್ದು.

ಡಿಸ್ಕಿನ ಮೇಲೆ ಸಂಶಯವಿದ್ದಾಗ ದೀರ್ಘ ಪರೀಕ್ಷೆಗೆ ಮೊದಲೇ ಮುಖ್ಯ ಕಡತಗಳನ್ನು ಪೆನ್‌ಡ್ರೈವಿಗೋ ಬೇರೊಂದು ಡಿಸ್ಕಿಗೋ ನಕಲು ಮಾಡಿಟ್ಟುಕೊಳ್ಳಬೇಕು. ಮೂಲೆಮೂಲೆಯನ್ನೂ ಓದಿಸುವ ಆ ಶ್ರಮದಲ್ಲಿಯೇ ದುರ್ಬಲ ಡಿಸ್ಕು ಕೊನೆಯುಸಿರೆಳೆಯಬಹುದು. ದೋಷ ಕಂಡಾಗ ಪರದೆಯ ಮೇಲೆ ಒಂದು ಸಂಕೇತಸಂಖ್ಯೆ ಮೂಡುತ್ತದೆ. ಡೆಲ್‌ನಲ್ಲಿ 2000-0142 ಎಂದಿದ್ದರೆ ಡಿಸ್ಕಿನ ಸ್ವಪರೀಕ್ಷೆ ವಿಫಲವಾಯಿತೆಂದರ್ಥ; ಎಚ್‌ಪಿಯಲ್ಲಿ 24 ಅಕ್ಷರಗಳ ಸಂಕೇತ ಬರುತ್ತದೆ. ಅದರ ಚಿತ್ರವನ್ನು ಮೊಬೈಲಿನಲ್ಲಿ ತೆಗೆದಿಟ್ಟುಕೊಂಡು ಹಾವೇರಿಯ ಬಸ್ಸು ಹತ್ತಿದರೆ, ವಾರಂಟಿ ಉಳಿದಿದ್ದವರು ಆ ಸಂಕೇತದ ಆಧಾರದಿಂದಲೇ ಬದಲಿ ಬಿಡಿಭಾಗವನ್ನು ಕೇಳಬಹುದು. ಉಳಿಯದವರು ಡಿಸ್ಕೊಂದರ ಬೆಲೆಯನ್ನಷ್ಟೇ ತೆತ್ತು, ಮದರ್‌ಬೋರ್ಡನ್ನು ಬದಲಿಸುವ ಖರ್ಚಿನಿಂದ ಪಾರಾಗಬಹುದು.