ನಗಿಸಿದ ರೇಣು ಟೀಚರಾದ ಕಥೆ

ಐವತ್ತು ದಾಟಿದ ಯಾರನ್ನಾದರೂ ಹಿಡಿದು ‘ಯೇ ಜೋ ಹೈ ಜಿಂದಗಿ’ ನೆನಪಿದೆಯಾ ಎಂದು ಕೇಳಿ ನೋಡಿ. ಮುಖ ಅರಳುತ್ತದೆ. ಶುಕ್ರವಾರ ರಾತ್ರಿ, ದೂರದರ್ಶನ, ಕಿಶೋರ್ ಕುಮಾರ್ ದನಿಯ ಶೀರ್ಷಿಕೆ ಗೀತೆ, ಜೊತೆಗೆ ವಿಕೊ ಜಾಹೀರಾತು. ವಾರಕ್ಕೊಂದು ವೇಷದಲ್ಲಿ ಬರುತ್ತಿದ್ದ ಸತೀಶ್ ಷಾ, ಕೆಲಸವಿಲ್ಲದೆ ಅಕ್ಕನ ಮನೆಯಲ್ಲೇ ಉಳಿದುಬಿಟ್ಟ ತಮ್ಮನಾಗಿ ರಾಕೇಶ್ ಬೇಡಿ, ಗಂಡನಾಗಿ ಶಫಿ ಇನಾಮದಾರ್. ಹೆಸರುಗಳು ಒಂದರ ಹಿಂದೆ ಒಂದು ಬರುತ್ತವೆ. ಹೆಂಡತಿಯ ಪಾತ್ರ ಮಾಡಿದ್ದು ಯಾರು ಎಂದು ಕೇಳಿದಾಗ ಮಾತ್ರ ಸ್ವಲ್ಪ ತಡವರಿಸುತ್ತಾರೆ. ‘ಅದೇ ಕಣ್ರೀ, ರೇಣು... ಪರೇಶ್ ರಾವಲ್ ಹೆಂಡತಿ ಅಲ್ವಾ?’

ಹೌದು, ಅವರೇ. ಹೆಸರು ಸ್ವರೂಪ್ ಸಂಪತ್. 2025ರ ಅಕ್ಟೋಬರಿನಲ್ಲಿ ಸತೀಶ್ ಷಾ ತೀರಿಕೊಂಡಾಗ ನಮ್ಮ ಆಫೀಸಿನಲ್ಲಿ ಎರಡು ದಿನ ಈ ಧಾರಾವಾಹಿಯದ್ದೇ ಮಾತು. ಶಫಿ 1996ರಲ್ಲೇ ಹೋದರು. ನಿರ್ದೇಶಕರಲ್ಲಿ ಒಬ್ಬರಾದ ಕುಂದನ್ ಷಾ 2017ರಲ್ಲಿ ಹೋದರು. ಆ ಮಾತಿನ ನಡುವೆ, ಇವತ್ತು ‘ಡಾಕ್ಟರ್ ಸ್ವರೂಪ್ ರಾವಲ್’ ಎಂದು ಶಿಕ್ಷಣ ಕ್ಷೇತ್ರದಲ್ಲಿ ಗುರುತಿಸಿಕೊಂಡಿರುವವರು ಅದೇ ರೇಣು ಎಂದು ನಾನು ಹೇಳಿದಾಗ ಅಕ್ಕಪಕ್ಕದ ಟೇಬಲ್ಲಿನವರೆಲ್ಲ ತಿರುಗಿ ನೋಡಿದರು. ಊರು ಬಿಟ್ಟು ಬಂದು, ನೌಕರಿಯ ಏಣಿಯನ್ನೇ ದಿಟ್ಟಿಸುತ್ತ ಇಪ್ಪತ್ತು ಮೂವತ್ತು ವರ್ಷ ಕಳೆಯುವ ನಮ್ಮಂಥವರು ಅವರ ಕಥೆಯನ್ನು ಒಮ್ಮೆ ಪೂರ್ತಿ ತಿಳಿದುಕೊಳ್ಳಬೇಕು.

ನಾಟಕದ ಮನೆಯ ಮಗಳು

ಸ್ವರೂಪ್ ಹುಟ್ಟಿದ್ದು 1958ರ ನವೆಂಬರ್ 3ರಂದು. ತಂದೆ ಬಚು ಸಂಪತ್ ಗುಜರಾತಿ ರಂಗಭೂಮಿಯವರು. ಮುಂಬಯಿಯ ನಾಟಕ ಎಂದರೆ ನಮಗೆ ಥಟ್ಟನೆ ನೆನಪಾಗುವುದು ಮರಾಠಿ. ಆದರೆ ಈ ಊರಿನಲ್ಲಿ ಗುಜರಾತಿ ನಾಟಕಕ್ಕೂ ಅಷ್ಟೇ ದೊಡ್ಡ ಪ್ರೇಕ್ಷಕ ವರ್ಗವಿದೆ. ಗೋವಾಲಿಯಾ ಟ್ಯಾಂಕಿನ ತೇಜಪಾಲ್, ವಿಲೇಪಾರ್ಲೆಯ ಭಾಯಿದಾಸ್ ಸಭಾಂಗಣಗಳು ವಾರಾಂತ್ಯಗಳಲ್ಲಿ ತುಂಬಿ ತುಳುಕುತ್ತಿದ್ದ ಕಾಲವದು. ಅತ್ತ ಮಾಟುಂಗದಲ್ಲಿ, 1926ರಲ್ಲಿ ಹುಟ್ಟಿದ ನಮ್ಮ ಮೈಸೂರು ಅಸೋಸಿಯೇಷನ್, 1933ರ ಕರ್ನಾಟಕ ಸಂಘ ಇವೆಲ್ಲ ಕನ್ನಡ ನಾಟಕಗಳನ್ನು ಕಟ್ಟುತ್ತಿದ್ದವು. ಹಗಲು ಬ್ಯಾಂಕು, ಕಚೇರಿ, ಸಂಜೆ ತಾಲೀಮು. ಭಾಷೆ ಬೇರೆಯಾದರೂ ಇಡೀ ಮುಂಬಯಿಯ ಹವ್ಯಾಸಿ ರಂಗಭೂಮಿ ನಡೆದದ್ದು ಇದೇ ದಿನಚರಿಯ ಮೇಲೆ.

ಅಂಥ ವಾತಾವರಣದಲ್ಲಿ ಬೆಳೆದ ಹುಡುಗಿ 1979ರಲ್ಲಿ ಫೆಮಿನಾ ಮಿಸ್ ಇಂಡಿಯಾ ಆದರು. ಅದೇ ವರ್ಷ ಆಸ್ಟ್ರೇಲಿಯಾದ ಪರ್ತ್‌ನಲ್ಲಿ ನಡೆದ ಮಿಸ್ ಯೂನಿವರ್ಸ್ ಸ್ಪರ್ಧೆಯಲ್ಲಿ ಭಾರತವನ್ನು ಪ್ರತಿನಿಧಿಸಿದರು. ಶೃಂಗಾರ್ ಕುಂಕುಮದ ಜಾಹೀರಾತಿನ ಮುಖವಾಗಿ ಮನೆಮನೆಗೆ ತಲುಪಿದರು. ಸಿನಿಮಾಗಳೂ ಬಂದವು. 1981ರಲ್ಲಿ ‘ನಾಖುದಾ’, ಅದೇ ವರ್ಷ ಹೃಷಿಕೇಶ್ ಮುಖರ್ಜಿಯವರ ‘ನರಮ್ ಗರಮ್’, 1983ರಲ್ಲಿ ಜಿತೇಂದ್ರ, ಶ್ರೀದೇವಿ ಜೋಡಿಯ ‘ಹಿಮ್ಮತ್‌ವಾಲಾ’ದಲ್ಲಿ ನಾಯಕನ ತಂಗಿಯ ಪಾತ್ರ. ಸೌಂದರ್ಯ ಸ್ಪರ್ಧೆ ಗೆದ್ದವರಿಗೆ ಹಿಂದಿ ಸಿನಿಮಾ ಕೊಡುವ ದಾರಿ ಆಗಲೂ ಈಗಲೂ ಹೆಚ್ಚು ಬದಲಾಗಿಲ್ಲ. ಆದರೆ ಸ್ವರೂಪ್ ಅವರನ್ನು ದೇಶಕ್ಕೆ ಪರಿಚಯಿಸಿದ್ದು ಸಿನಿಮಾಕ್ಕಿಂತ ಹೆಚ್ಚಾಗಿ ಕಿರುತೆರೆ.

ಟಿವಿಗೆ ನಗು ಬಂದ ವರ್ಷ

ಮುಂಬಯಿ ದೂರದರ್ಶನ ಶುರುವಾದದ್ದು 1972ರ ಅಕ್ಟೋಬರ್ 2ರಂದು. ನಗಿಸುವ ಕಾರ್ಯಕ್ರಮಗಳು ಮೊದಲೂ ಇದ್ದವು. ಮರಾಠಿಯ ‘ಗಜರಾ’ದಲ್ಲಿ ಚುಟುಕು ಪ್ರಹಸನಗಳು ಬರುತ್ತಿದ್ದವು. ಹೂವು ಮುಡಿದು, ನಗುನಗುತ್ತ ತಾರೆಯರ ಸಂದರ್ಶನ ಮಾಡುತ್ತಿದ್ದ ತಬಸ್ಸುಮ್ ಅವರನ್ನು ಯಾರು ಮರೆತಾರು? ಆದರೆ ವಾರ ವಾರ ಒಂದೇ ಮನೆ, ಅದೇ ಜನ, ಹೊಸ ಫಜೀತಿ ಎಂಬ ಹಾಸ್ಯ ಧಾರಾವಾಹಿಯ ರೂಪವನ್ನು ಇಡೀ ದೇಶ ಒಟ್ಟಿಗೆ ಕೂತು ನೋಡಿ ರೂಢಿಸಿಕೊಂಡದ್ದು 1984ರಲ್ಲಿ.

ಕಾರಣ ಕಲೆಯೊಂದೇ ಅಲ್ಲ, ತಂತ್ರಜ್ಞಾನವೂ ಹೌದು. 1982ರಲ್ಲಿ ಬಣ್ಣದ ಪ್ರಸಾರ ಮತ್ತು ರಾಷ್ಟ್ರೀಯ ಕಾರ್ಯಕ್ರಮ ಆರಂಭವಾದವು. 1983ರಲ್ಲಿ ಇನ್ಸಾಟ್-1ಬಿ ಉಪಗ್ರಹ ಮೇಲೇರಿತು. ಆಮೇಲೆ ಊರೂರಿಗೆ ಕಡಿಮೆ ಶಕ್ತಿಯ ಪ್ರಸಾರ ಕೇಂದ್ರಗಳು ಎದ್ದವು. ನಮ್ಮ ಕಡೆ ಹೆಂಚಿನ ಮನೆಗಳ ಮೇಲೂ ಆಂಟೆನಾ ನಿಂತದ್ದು, ‘ಬಂತಾ? ಈಗ ಬಂತಾ?’ ಎಂದು ಮಾಡಿನ ಮೇಲಿಂದ ಕೂಗಿ ಕೇಳುತ್ತಿದ್ದದ್ದು ಇದೇ ಹೊತ್ತಿನಲ್ಲಿ. ಜಾಹೀರಾತುದಾರರೇ ದುಡ್ಡು ಹಾಕುವ ಪ್ರಾಯೋಜಿತ ಧಾರಾವಾಹಿಗಳ ಪದ್ಧತಿಯೂ ಬಂತು. ಜುಲೈ 7ಕ್ಕೆ ‘ಹಮ್ ಲೋಗ್’ ಆರಂಭವಾಯಿತು. ಅದು ಅಳಿಸುತ್ತಿತ್ತು, ಇದು ನಗಿಸುತ್ತಿತ್ತು.

‘ಯೇ ಜೋ ಹೈ ಜಿಂದಗಿ’ಯನ್ನು ಬರೆದವರು ಹಿಂದಿಯ ದೊಡ್ಡ ವಿಡಂಬನಕಾರ ಶರದ್ ಜೋಶಿ. ಆಗತಾನೆ ‘ಜಾನೇ ಭಿ ದೋ ಯಾರೋ’ ಮಾಡಿ ಮುಗಿಸಿದ್ದ ಕುಂದನ್ ಷಾ ಜೊತೆಗಿದ್ದರು. ಕಥೆ ಅಂದರೆ ಏನೂ ಇಲ್ಲ. ರಂಜಿತ್ ವರ್ಮಾ, ಅವನ ಹೆಂಡತಿ ರೇಣು, ಅವಳ ತಮ್ಮ ರಾಜಾ. ಸಣ್ಣ ಮನೆ. ಗಂಡ ಹೆಂಡತಿಗೆ ಒಂದು ಕ್ಷುಲ್ಲಕ ಜಗಳ. ನಡುವೆ ಯಾರೋ ಒಬ್ಬ ವಿಚಿತ್ರ ಮನುಷ್ಯ ಬಾಗಿಲು ತಟ್ಟುತ್ತಾನೆ. ಅಷ್ಟೇ.

ಕನ್ನಡದ ಓದುಗರಿಗೆ ಈ ಲೋಕ ಹೊಸದೇನಲ್ಲ. 1942ರಲ್ಲಿ ರಾಶಿಯವರು ಆರಂಭಿಸಿದ ‘ಕೊರವಂಜಿ’ಯಲ್ಲಿ ಟಿ. ಸುನಂದಮ್ಮನವರು ತಮ್ಮ ಸರಸುವಿನ ಮೂಲಕ ಇದೇ ನಡುಮನೆ, ಅಡುಗೆಮನೆಗಳಿಂದ ನಗು ತೆಗೆದಿದ್ದರು. ಮುಂದೆ ಬೆಂಗಳೂರು ದೂರದರ್ಶನದಲ್ಲಿ ‘ಸಿಹಿಕಹಿ’ ಬಂತು. ಚಂದ್ರು ಮತ್ತು ಗೀತಾ ದಂಪತಿಗೆ ಆ ಧಾರಾವಾಹಿಯ ಹೆಸರು ಎಷ್ಟು ಅಂಟಿಕೊಂಡಿತೆಂದರೆ ಇವತ್ತಿಗೂ ಅವರು ಸಿಹಿಕಹಿ ಚಂದ್ರು, ಸಿಹಿಕಹಿ ಗೀತಾ.

ಕೇಳಿಸಿಕೊಳ್ಳುವ ನಟಿ

ಹಾಸ್ಯದಲ್ಲಿ ಎರಡು ಬಗೆಯ ನಟರಿರುತ್ತಾರೆ. ನಗೆಯನ್ನು ಹೊತ್ತು ತರುವವರು, ಅದು ಬೀಳಲು ಜಾಗ ಮಾಡಿಕೊಡುವವರು. ಸತೀಶ್ ಷಾ ಮೊದಲ ಬಗೆ. ಐವತ್ತಕ್ಕೂ ಹೆಚ್ಚು ಪಾತ್ರಗಳನ್ನು ಈ ಒಂದೇ ಧಾರಾವಾಹಿಯಲ್ಲಿ ಮಾಡಿದ ಅಸಾಮಾನ್ಯರು. ಸ್ವರೂಪ್ ಎರಡನೆಯ ಬಗೆ.

ಈಗ ಹಳೆಯ ಕಂತುಗಳನ್ನು ಹಾಕಿಕೊಂಡು ನೋಡಿದರೆ ಗೊತ್ತಾಗುತ್ತದೆ. ಎದುರಿನವನು ಅಸಂಬದ್ಧವಾಗಿ ಮಾತಾಡುತ್ತಿರುವಾಗ ರೇಣು ಕಣ್ಣರಳಿಸಿ ಕೇಳುತ್ತಾಳೆ. ಪೂರ್ತಿ ನಂಬಿದವಳ ಹಾಗೆ. ಅವಳು ನಂಬಿದ್ದರಿಂದಲೇ ನಮಗೆ ನಗು. ನಮ್ಮ ಯಕ್ಷಗಾನದ ತಾಳಮದ್ದಲೆ ಕೇಳಿದವರಿಗೆ ಈ ಮಾತು ಬೇಗ ತಿಳಿಯುತ್ತದೆ. ಎದುರಿನ ಅರ್ಥಧಾರಿ ಸರಿಯಾಗಿ ಕೇಳಿಸಿಕೊಳ್ಳದಿದ್ದರೆ ಎಂಥ ಮಾತುಗಾರನ ಮಾತೂ ಸಪ್ಪೆ. ಜೋರಾಗಿ ನಗಿಸುವವರಿಗೆ ಚಪ್ಪಾಳೆ ಸಿಗುತ್ತದೆ. ಕೇಳಿಸಿಕೊಂಡವರ ಹೆಸರು ನಲವತ್ತು ವರ್ಷದ ಮೇಲೆ ಥಟ್ಟನೆ ನೆನಪಿಗೆ ಬರುವುದಿಲ್ಲ.

ಇನ್ನೊಂದು ಮಾತು. ಆ ಕಾಲದ ಹಿಂದಿ ಸಿನಿಮಾದಲ್ಲಿ ನಗಿಸುವ ಹೆಣ್ಣು ಅಂದರೆ ಸಾಮಾನ್ಯವಾಗಿ ದಪ್ಪಗಿರಬೇಕು, ಇಲ್ಲವೇ ಜಗಳಗಂಟಿಯಾಗಿರಬೇಕು. ನಾಯಕಿ ಅಂದರೆ ನಗಿಸುವಂತಿಲ್ಲ. ರೇಣು ಈ ಎರಡೂ ಡಬ್ಬಿಗಳಿಗೆ ಸೇರಲಿಲ್ಲ. ಚೆಂದದ, ಬುದ್ಧಿಯುಳ್ಳ, ಗಂಡನಿಗೆ ಸರಿಸಮವಾಗಿ ವಾದ ಮಾಡುವ ಮಧ್ಯಮ ವರ್ಗದ ಹೆಂಗಸು ತಾನೂ ನಗೆಪಾಟಲಿಗೆ ಸಿಕ್ಕಿ, ನಮ್ಮನ್ನೂ ನಗಿಸಿದಳು. ಆಮೇಲೆ ಬಂದ ಎಷ್ಟೋ ಹಾಸ್ಯ ಧಾರಾವಾಹಿಗಳ ಗೃಹಿಣಿಯರು ಅವಳು ತೆರೆದ ಬಾಗಿಲಿನಿಂದಲೇ ಒಳಗೆ ಬಂದವರು.

ಮತ್ತೆ ವಿದ್ಯಾರ್ಥಿನಿ

1987ರಲ್ಲಿ ಪರೇಶ್ ರಾವಲ್ ಜೊತೆ ಮದುವೆ. ಅವರೂ ಗುಜರಾತಿ ರಂಗಭೂಮಿಯಿಂದಲೇ ಬಂದವರು. ಇಬ್ಬರು ಗಂಡುಮಕ್ಕಳು. ತೆರೆಯ ಮೇಲೆ ಕಾಣಿಸಿಕೊಳ್ಳುವುದು ಕಡಿಮೆಯಾಯಿತು. ಅತ್ತ ಗಂಡನ ಹೆಸರು ಬೆಳೆಯುತ್ತ ಹೋಯಿತು. 2000ದಲ್ಲಿ ‘ಹೇರಾ ಫೇರಿ’ ಬಂದ ಮೇಲಂತೂ ಬಾಬೂರಾವ್ ಮನೆಮಾತಾದ.

ಸಾಮಾನ್ಯವಾಗಿ ಇಂಥ ಕಥೆ ಇಲ್ಲಿಗೆ ಮುಗಿಯುತ್ತದೆ. ನಮ್ಮ ಸುತ್ತಲೇ ನೋಡಿ. ಮುಂಬಯಿ, ಪುಣೆ, ಹೈದರಾಬಾದ್, ದುಬೈ ಎಲ್ಲಿಯೇ ಇರಲಿ, ಗಂಡನ ವರ್ಗಾವಣೆಯ ಹಿಂದೆ ಬಂದು, ಮಕ್ಕಳಿಗಾಗಿ ‘ಸ್ವಲ್ಪ ದಿನ’ ಎಂದು ಕೆಲಸ ಬಿಟ್ಟ ಎಷ್ಟು ಇಂಜಿನಿಯರುಗಳು, ಲೆಕ್ಚರರುಗಳು, ಬ್ಯಾಂಕ್ ಅಧಿಕಾರಿಗಳು ನಮ್ಮ ಕನ್ನಡ ಸಂಘಗಳಲ್ಲಿ ಇಲ್ಲ? ಅವರು ಮರಳುವ ಹೊತ್ತಿಗೆ ಬಾಗಿಲು ಹಾಕಿರುತ್ತದೆ. ಬಯೋಡೇಟಾದ ಖಾಲಿ ವರ್ಷಗಳ ಬಗ್ಗೆ ಕೇಳುವವರೇ ಎಲ್ಲ.

ಸ್ವರೂಪ್ ಮರಳಿದ್ದು ಬೇರೆ ಬಾಗಿಲಿನಿಂದ. ನಲವತ್ತರ ಹರೆಯದಲ್ಲಿ ಮತ್ತೆ ಪುಸ್ತಕ ಹಿಡಿದರು. ಓದು ಬರಹದಲ್ಲಿ ತೊಡಕಿರುವ, ಅಂದರೆ ಕಲಿಕಾ ನ್ಯೂನತೆಯಿರುವ ಮಕ್ಕಳಿಗೆ ನಾಟಕದ ಮೂಲಕ ಜೀವನ ಕೌಶಲ ಕಲಿಸುವುದು ಹೇಗೆ ಎಂಬ ವಿಷಯದ ಮೇಲೆ ಇಂಗ್ಲೆಂಡಿನ ವೂಸ್ಟರ್ ವಿಶ್ವವಿದ್ಯಾಲಯದಿಂದ ಪಿಎಚ್.ಡಿ. ಪಡೆದರು.

ಆ ವಿಷಯ ಎಷ್ಟು ಹೊಸದಾಗಿತ್ತು ಎಂಬುದನ್ನೂ ಹೇಳಬೇಕು. ಹತ್ತನೆಯ ತರಗತಿ ಪರೀಕ್ಷೆಯಲ್ಲಿ ಇಂಥ ಮಕ್ಕಳಿಗೆ ಹೆಚ್ಚುವರಿ ಸಮಯದಂಥ ರಿಯಾಯಿತಿಗಳನ್ನು ಮಹಾರಾಷ್ಟ್ರ ಕೊಡಲು ಆರಂಭಿಸಿದ್ದು 1996ರಲ್ಲಿ. ಜನಸಾಮಾನ್ಯರಿಗೆ ‘ಡಿಸ್‌ಲೆಕ್ಸಿಯಾ’ ಎಂಬ ಪದ ಪರಿಚಯವಾದದ್ದು 2007ರಲ್ಲಿ ‘ತಾರೇ ಜಮೀನ್ ಪರ್’ ಬಂದ ಮೇಲೆ. ಅದಕ್ಕೂ ಮೊದಲು ಈ ಮಕ್ಕಳಿಗೆ ಇದ್ದ ಹೆಸರು ಒಂದೇ: ದಡ್ಡ.

ತರಗತಿಯೇ ರಂಗಸ್ಥಳ

ನಾಟಕದಿಂದ ಕಲಿಸುವುದು ಎಂದರೆ ವಾರ್ಷಿಕೋತ್ಸವಕ್ಕೆ ಕಿರೀಟ ತೊಡಿಸಿ ನಿಲ್ಲಿಸುವುದಲ್ಲ. ಇಲ್ಲಿ ಪ್ರೇಕ್ಷಕರೇ ಇರುವುದಿಲ್ಲ. ಒಂದು ಉದಾಹರಣೆ ಹೇಳುವುದಾದರೆ, ಬಸ್ಸಿನಲ್ಲಿ ಕಂಡಕ್ಟರ್ ಚಿಲ್ಲರೆ ಕೊಡಲಿಲ್ಲ ಎಂದಿಟ್ಟುಕೊಳ್ಳಿ. ಒಬ್ಬ ಹುಡುಗ ಕಂಡಕ್ಟರ್ ಆಗುತ್ತಾನೆ, ಇನ್ನೊಬ್ಬ ಪ್ರಯಾಣಿಕ. ಹೇಗೆ ಕೇಳುತ್ತೀಯ? ಅವನು ಗದರಿದರೆ ಏನು ಮಾಡುತ್ತೀಯ? ಆಮೇಲೆ ಪಾತ್ರಗಳನ್ನು ಅದಲು ಬದಲು ಮಾಡುತ್ತಾರೆ. ಈಗ ಕಂಡಕ್ಟರನ ಕಷ್ಟವೂ ಗೊತ್ತಾಗುತ್ತದೆ. ಓದಲು ತಡವರಿಸುವ ಮಗು ಇಲ್ಲಿ ತಡವರಿಸಬೇಕಿಲ್ಲ, ಏಕೆಂದರೆ ಕರಿಹಲಗೆಯೇ ಇಲ್ಲ. ಮುಖ್ಯವಾದ ಸಂಗತಿ, ಇಲ್ಲಿ ತಪ್ಪು ಉತ್ತರ ಎಂಬುದಿಲ್ಲ. ಇನ್ನೊಂದು ಸಲ ಆಡಿ ನೋಡಬಹುದು.

ವಿಶ್ವ ಆರೋಗ್ಯ ಸಂಸ್ಥೆ 1990ರ ದಶಕದಲ್ಲಿ ಹತ್ತು ಜೀವನ ಕೌಶಲಗಳನ್ನು ಪಟ್ಟಿ ಮಾಡಿತು. ನಿರ್ಧಾರ ತೆಗೆದುಕೊಳ್ಳುವುದು, ಸಮಸ್ಯೆ ಬಿಡಿಸುವುದು, ಇನ್ನೊಬ್ಬರ ನೋವು ಅರಿಯುವುದು, ಸಿಟ್ಟು ದುಃಖಗಳನ್ನು ನಿಭಾಯಿಸುವುದು ಇವೆಲ್ಲ ಅದರಲ್ಲಿವೆ. ಇವು ಓದಿ ಬರುವಂಥವಲ್ಲ, ಮಾಡಿ ಬರುವಂಥವು. ಮೈಸೂರಿನ ರಂಗಾಯಣದ ಚಿಣ್ಣರ ಮೇಳಕ್ಕೆ ಮಕ್ಕಳನ್ನು ಕಳಿಸಿದ ತಂದೆ ತಾಯಿಗೆ ಇದನ್ನು ವಿವರಿಸಬೇಕಿಲ್ಲ.

ಸ್ವರೂಪ್ ಈ ಕೆಲಸವನ್ನು ಮುಂಬಯಿಯ ಶಾಲೆಗಳಿಗೆ ಮಾತ್ರ ಸೀಮಿತ ಮಾಡಲಿಲ್ಲ. ಗುಜರಾತಿನ ಹಳ್ಳಿ ಶಾಲೆಗಳಿಗೆ ಹೋದರು, ಶಿಕ್ಷಕರಿಗೆ ತರಬೇತಿ ಕೊಟ್ಟರು. ಆಟ, ಹಾಡು, ಚಿತ್ರ, ಚರ್ಚೆ, ಅಭಿನಯ ಎಲ್ಲವೂ ಅವರ ಪಾಠದೊಳಗೆ ಬಂದವು. 2019ರಲ್ಲಿ ವಾರ್ಕಿ ಫೌಂಡೇಶನ್ನಿನ ಜಾಗತಿಕ ಶಿಕ್ಷಕ ಪ್ರಶಸ್ತಿಗೆ 179 ದೇಶಗಳಿಂದ ಹತ್ತು ಸಾವಿರದಷ್ಟು ನಾಮನಿರ್ದೇಶನಗಳು ಬಂದಾಗ, ಕೊನೆಯ ಹತ್ತು ಜನರಲ್ಲಿ ಸ್ವರೂಪ್ ರಾವಲ್ ಒಬ್ಬರಾಗಿದ್ದರು. ಹತ್ತು ಲಕ್ಷ ಡಾಲರಿನ ಪ್ರಶಸ್ತಿ ಕೀನ್ಯಾದ ಪೀಟರ್ ತಬೀಚಿಯವರ ಪಾಲಾಯಿತು. ಅದೇ ವರ್ಷ ‘ಉರಿ’ ಸಿನಿಮಾದಲ್ಲಿ ಮರೆವಿನ ಕಾಯಿಲೆಯ ತಾಯಿಯಾಗಿ ನಟಿಸಿದ್ದೂ ಇವರೇ. ನಟನೆ ಪೂರ್ತಿ ಬಿಟ್ಟಿಲ್ಲ, ಅದೇ ಜೀವನ ಎಂದೂ ಹಿಡಿದು ಕೂತಿಲ್ಲ.

ಏಣಿಯ ಲೆಕ್ಕ

ಮುಂಬಯಿಯಲ್ಲಿ ಲೆಕ್ಕಪತ್ರ ನೋಡಿಕೊಂಡು ಬದುಕುವ ನನಗೆ ಈ ಕಥೆಯ ಲೆಕ್ಕ ಬಹಳ ದಿನ ತಲೆ ತಿಂದಿತು. ನಮ್ಮ ಕ್ರಮದಲ್ಲಿ ನೋಡಿದರೆ ಇಪ್ಪತ್ತಾರರ ಹರೆಯದಲ್ಲೇ ಅವರ ವೃತ್ತಿ ಶಿಖರ ಮುಟ್ಟಿತು, ಆಮೇಲೆಲ್ಲ ಇಳಿಜಾರು. ಆದರೆ ಇನ್ನೊಂದು ಬಗೆಯಲ್ಲೂ ನೋಡಬಹುದು. 1984ರಲ್ಲಿ ರೇಣು ಮಾಡಿದ್ದೂ, ಆಮೇಲೆ ಸ್ವರೂಪ್ ಟೀಚರ್ ಮಾಡಿದ್ದೂ ಒಂದೇ ಕೆಲಸ. ಎದುರಿನವರು ಮಾತಾಡಲು ಜಾಗ ಮಾಡಿಕೊಡುವುದು, ಅವರ ಮಾತನ್ನು ಪೂರ್ತಿ ನಂಬಿ ಕೇಳುವುದು. ಅಲ್ಲಿ ಎದುರಿಗಿದ್ದವರು ಸತೀಶ್ ಷಾ, ಇಲ್ಲಿ ಎದುರಿಗಿರುವುದು ‘ದಡ್ಡ’ ಅನ್ನಿಸಿಕೊಂಡ ಮಗು. ಚಪ್ಪಾಳೆ ಕಡಿಮೆಯಾಯಿತು, ಕೆಲಸ ದೊಡ್ಡದಾಯಿತು.

ನಲವತ್ತರಲ್ಲಿ ನೌಕರಿ ಬಿಡಿ ಎಂದು ನಾನು ಯಾರಿಗೂ ಹೇಳಲಾರೆ. ಮನೆಸಾಲದ ಕಂತು ಎಲ್ಲರಿಗೂ ಇದೆ. ಎಲ್ಲರ ಮನೆಯಲ್ಲೂ ಗಳಿಸುವ ಇನ್ನೊಂದು ಕೈ ಇರುವುದಿಲ್ಲ ಎಂಬುದೂ ನಿಜ. ಆದರೆ ಇಷ್ಟು ವರ್ಷ ಮಾಡಿದ ಕೆಲಸದಲ್ಲಿ ನಮಗೆ ನಿಜವಾಗಿ ಕೈಗೂಡಿದ ವಿದ್ಯೆ ಯಾವುದು, ಅದು ಹುದ್ದೆಯ ಹೆಸರಿಗೆ ಅಂಟಿಕೊಂಡಿದೆಯೋ ನಮಗೆ ಅಂಟಿಕೊಂಡಿದೆಯೋ ಎಂದು ಒಮ್ಮೆ ಯೋಚಿಸಲು ದುಡ್ಡು ಬೇಕಿಲ್ಲ. ಹತ್ತಿರದ ಕನ್ನಡ ಸಂಘದ ಭಾನುವಾರದ ಮಕ್ಕಳ ತರಗತಿಗೆ ಒಂದು ಗಂಟೆ ಹೋಗಿ ಕೂರಲೂ ಬೇಕಿಲ್ಲ.

ಯೂಟ್ಯೂಬಿನಲ್ಲಿ ‘ಯೇ ಜೋ ಹೈ ಜಿಂದಗಿ’ಯ ಕೆಲವು ಕಂತುಗಳು ಸಿಗುತ್ತವೆ. ಮಕ್ಕಳನ್ನೂ ಕೂರಿಸಿಕೊಂಡು ನೋಡಿ. ಸತೀಶ್ ಷಾ ಮಾತಿಗೆ ನಕ್ಕು ಸುಸ್ತಾದ ಮೇಲೆ, ಅದೇ ದೃಶ್ಯವನ್ನು ಇನ್ನೊಂದು ಸಲ ಹಾಕಿ. ಈ ಸಲ ಕೇಳಿಸಿಕೊಳ್ಳುತ್ತಿರುವ ರೇಣುವನ್ನು ನೋಡಿ.